ಹೆಸರು ಅಳಿಸಿದ ಮೇಲೂ ಉಳಿಯುವ ರೋಗಿ: ಆಸ್ಪತ್ರೆಯ ದಾಖಲೆಗಳನ್ನು ಸಂಶೋಧನೆಗೆ ಬಳಸುವ ಬಗ್ಗೆ

ಎರಡನೇ ವರ್ಷದ ಪಿಜಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ. ಹೆರಿಗೆಯ ಆಸುಪಾಸಿನಲ್ಲಿ ಮೂತ್ರಪಿಂಡದ ತೊಂದರೆಗೆ ಒಳಗಾದ ಮಹಿಳೆಯರ ಐದು ವರ್ಷಗಳ ದಾಖಲೆಗಳನ್ನು ಆಧರಿಸಿ ಪ್ರಬಂಧ ಬರೆಯುತ್ತಿದ್ದೇನೆ. ಯಾರಿಗೂ ಹೊಸದಾಗಿ ಸೂಜಿ ಚುಚ್ಚುವುದಿಲ್ಲ, ಔಷಧ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವುದನ್ನು ಓದಿ ಲೆಕ್ಕ ಹಾಕುವುದಷ್ಟೇ ನನ್ನ ಕೆಲಸ. "ಹೆಸರು, ಫೋನ್ ನಂಬರು ತೆಗೆದರೆ ಮುಗಿಯಿತು, ಒಪ್ಪಿಗೆಯ ಗೊಡವೆ ಬೇಡ" ಎಂದು ಮಾರ್ಗದರ್ಶಕರು ಹೇಳಿದರು. ದಾಖಲೆ ವಿಭಾಗದವರು ಸಾವಿರಕ್ಕೂ ಹೆಚ್ಚು ಸಾಲುಗಳ ಎಕ್ಸೆಲ್ ಹಾಳೆಯೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ರಾತ್ರಿ ಹಾಸ್ಟೆಲಿನಲ್ಲಿ ಅದನ್ನು ತೆರೆದೆ. ಹೆಸರಿನ ಕಾಲಂ ನಿಜವಾಗಿಯೂ ಇರಲಿಲ್ಲ. ಆದರೆ ಕೊನೆಯಲ್ಲಿ 'ಷರಾ' ಎಂಬ ಕಾಲಂ ಇತ್ತು. ವಾರ್ಡಿನ ವೈದ್ಯರು, ನರ್ಸುಗಳು ಆಯಾ ಹೊತ್ತಿಗೆ ತೋಚಿದ್ದನ್ನು ಬರೆದಿಟ್ಟದ್ದೆಲ್ಲ ಹಾಗೆಯೇ ಅದರಲ್ಲಿತ್ತು. ಒಂದು ಷರಾದ ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅದು ಯಾರದ್ದೆಂದು ನನಗೆ ತಿಳಿದುಹೋಯಿತು. ಅವರು ನಮ್ಮ ಜೊತೆಯಲ್ಲೇ ಕೆಲಸ ಮಾಡುವವರು. ಅವರು ಯಾರಿಗೂ ಹೇಳಬಾರದೆಂದು ಕೋರಿಕೊಂಡಿದ್ದ ಸಂಗತಿಯೊಂದು, ಆ ಕೋರಿಕೆಯ ಸಮೇತ, ಅಲ್ಲಿ ದಾಖಲಾಗಿತ್ತು. ಮರುದಿನ ಬೆಳಿಗ್ಗೆ ರೌಂಡ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಲಾಗದೆ ಕೇಸ್ ಶೀಟಿನಲ್ಲಿ ತಲೆ ಹುದುಗಿಸಿಕೊಂಡೆ.

ನನ್ನ ಪ್ರಶ್ನೆಗಳು ಇವು. ಹೆಸರು ತೆಗೆದ ಮಾತ್ರಕ್ಕೆ ದಾಖಲೆ ಅನಾಮಧೇಯವಾಗುತ್ತದೆಯೇ? ಸಾವಿರ ಜನರನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆ ಪಡೆಯಬೇಕೆ? ಈಗಾಗಲೇ ಓದಿಬಿಟ್ಟದ್ದಕ್ಕೆ ಏನು ಮಾಡಲಿ?

(ತಿದ್ದುಪಡಿ: ಆ ಷರಾದ ಮಾತುಗಳನ್ನು ಮೊದಲು ಇಲ್ಲಿಯೇ ಬರೆದಿದ್ದೆ. ಕೆಳಗೆ ಬಂದ ಸಲಹೆಯಂತೆ ತೆಗೆದಿದ್ದೇನೆ.)

ದಾಖಲೆಕೋಣೆ

ಮೊದಲು ಆ ಷರಾವನ್ನು ಇಲ್ಲಿಂದ ತೆಗೆಯಿರಿ ತಾಯಿ, ಉಳಿದದ್ದನ್ನು ಆಮೇಲೆ ಮಾತಾಡೋಣ. ನೀವು ಯಾವ ಕೆಲಸ ತಪ್ಪಾಯಿತೇ ಎಂದು ಕೇಳುತ್ತಿದ್ದೀರೋ ಅದನ್ನೇ ಇಲ್ಲಿ ಇನ್ನಷ್ಟು ದೊಡ್ಡದಾಗಿ ಮಾಡಿದ್ದೀರಿ. ನಿಮ್ಮ ಆಸ್ಪತ್ರೆಯವರು ಯಾರಾದರೂ ಈ ಪುಟ ಓದಿದರೆ ನಿಮಗೆ ಹಿಡಿದಷ್ಟೇ ಹೊತ್ತಿನಲ್ಲಿ ಅವರಿಗೂ ಗೊತ್ತಾಗುತ್ತದೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಇದ್ದವನು. ಷರಾ ಎಂಬುದು ಚಿಕಿತ್ಸೆಯ ಅನುಕೂಲಕ್ಕೆ ಬರೆಯುವಂಥದ್ದು. 'ಗಂಡನ ಎದುರು ಈ ಮಾತು ಎತ್ತಬಾರದು', 'ಮಗಳು ಬಂದ ಮೇಲೆಯೇ ಡಿಸ್ಚಾರ್ಜ್ ಮಾಡಬೇಕು', 'ಹಿಂದೆ ಮಾನಸಿಕ ವಿಭಾಗದಲ್ಲಿ ದಾಖಲಾಗಿದ್ದರು' ಎಂಬಂಥ ಸಾಲುಗಳು ರಾತ್ರಿ ಪಾಳಿಗೆ ಬರುವವರಿಗೆ ತಿಳಿದಿರಲೇಬೇಕು. ಸಂಶೋಧಕರಿಗೆ ಅವು ಬೇಕಿಲ್ಲ, ಆದರೂ ಹೋಗುತ್ತವೆ. ಯಾಕೆಂದರೆ ಕಾಲಂಗಳನ್ನು ಒಂದೊಂದಾಗಿ ಆರಿಸಿ ಕೊಡುವುದಕ್ಕಿಂತ ಇಡೀ ಹಾಳೆಯನ್ನು ಇಳಿಸಿ ಹೆಸರಿನ ಕಾಲಮನ್ನು ಅಳಿಸುವುದು ಸುಲಭ. ಇದು ನಮ್ಮ ವಿಭಾಗದವರ ಸೋಮಾರಿತನ; ಒಪ್ಪಿಕೊಳ್ಳುತ್ತೇನೆ.

ಕಾಗದದ ಕಾಲದಲ್ಲಿ ಒಂದು ಫೈಲು ಬೇಕಾದರೆ ರಿಜಿಸ್ಟರಿನಲ್ಲಿ ಹೆಸರು, ದಿನಾಂಕ, ಕಾರಣ ಬರೆದು ರುಜು ಹಾಕಬೇಕಿತ್ತು. ಸಾವಿರ ಫೈಲು ಬೇಕಾದರೆ ತಳ್ಳುಗಾಡಿ ಬೇಕಿತ್ತು, ಧೂಳಿನಲ್ಲಿ ವಾರಗಟ್ಟಲೆ ಕೂರಬೇಕಿತ್ತು. ಆ ಕಷ್ಟವೇ ರೋಗಿಗೆ ಒಂದು ಬೇಲಿಯಾಗಿತ್ತೆಂದು ಆಗ ನಮಗೆ ಹೊಳೆದಿರಲಿಲ್ಲ. ಈಗ ಸಾವಿರ ಜನರ ಬದುಕು ಬೆರಳುಗಾತ್ರದ ವಸ್ತುವಿನಲ್ಲಿ ಹಾಸ್ಟೆಲಿಗೆ ಹೋಗುತ್ತದೆ. ಆ ಪೆನ್‌ಡ್ರೈವನ್ನು ನೀವೇ ಅಳಿಸಲು ಹೋಗಬೇಡಿ. ವಿಭಾಗಕ್ಕೆ ಹಿಂದಿರುಗಿಸಿ, ಲ್ಯಾಪ್‌ಟಾಪಿನಲ್ಲಿ ಪ್ರತಿ ಉಳಿದಿದ್ದರೆ ಅದನ್ನೂ ತಿಳಿಸಿ, ಏನಾಯಿತೆಂದು ಒಂದು ಪತ್ರದಲ್ಲಿ ಬರೆದುಕೊಡಿ.

ಲೆಕ್ಕಿಗ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಆಗುವುದಿಲ್ಲ. ಷರಾದ ಕಾಲಮನ್ನು ಸಹ ತೆಗೆದುಬಿಟ್ಟಿದ್ದರೂ ಆಗುತ್ತಿರಲಿಲ್ಲ.

1990ರ ದಶಕದ ಮಧ್ಯದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ಭೇಟಿಗಳ ಮಾಹಿತಿಯನ್ನು ಹೆಸರು ತೆಗೆದು ಸಂಶೋಧಕರಿಗೆ ಒದಗಿಸಲಾಗಿತ್ತು. ಗುರುತು ಬಯಲಾಗುವ ಭಯವಿಲ್ಲವೆಂದು ಆಗಿನ ಗವರ್ನರ್ ವಿಲಿಯಂ ವೆಲ್ಡ್ ಭರವಸೆ ನೀಡಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಇಪ್ಪತ್ತು ಡಾಲರು ಕೊಟ್ಟು, ವೆಲ್ಡ್ ವಾಸವಿದ್ದ ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು ಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟರು. ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ; ಅವರಲ್ಲಿ ಗಂಡಸರು ಮೂವರು; ಅವರ ಅಂಚೆ ವಲಯದಲ್ಲಿದ್ದವರು ಒಬ್ಬರೇ. ಭರವಸೆ ಕೊಟ್ಟ ಗವರ್ನರರ ದಾಖಲೆಯೇ ಸಿಕ್ಕಿತು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ ಈ ಮೂರರಿಂದಲೇ ಅಮೆರಿಕದ ಶೇ. 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಸ್ವೀನಿ 2000ದಲ್ಲಿ ಅಂದಾಜಿಸಿದರು. 2006ರಲ್ಲಿ ಇನ್ನೊಬ್ಬ ಸಂಶೋಧಕರು ಲೆಕ್ಕವನ್ನು ಮತ್ತೆ ಮಾಡಿ ಶೇ. 63 ಎಂದರು. ಯಾವುದನ್ನು ಹಿಡಿದರೂ ಅರ್ಧಕ್ಕಿಂತ ಹೆಚ್ಚೇ.

ಹಾಗಾಗಿ ಹೆಸರು, ಫೋನು, ಆಸ್ಪತ್ರೆ ಸಂಖ್ಯೆಗಳಂಥ ನೇರ ಗುರುತುಗಳು ಒಂದು ಬಗೆಯಾದರೆ, ವಯಸ್ಸು, ಊರು, ವೃತ್ತಿ, ದಾಖಲಾದ ದಿನ, ಅವಳಿ ಮಕ್ಕಳಾದ ಸಂಗತಿಗಳಂಥ ಪರೋಕ್ಷ ಗುರುತುಗಳು ಇನ್ನೊಂದು ಬಗೆ. ಒಂಟಿಯಾಗಿ ಇವು ಯಾರನ್ನೂ ತೋರಿಸುವುದಿಲ್ಲ, ಜೊತೆಗೂಡಿದರೆ ಬೆರಳು ಮಾಡಿ ತೋರಿಸುತ್ತವೆ. ಆರೋಗ್ಯ ಮಾಹಿತಿಯ ಗೋಪ್ಯತೆಗೆಂದು ಇರುವ ಅಮೆರಿಕದ ಹಿಪಾ ನಿಯಮಗಳು 18 ಬಗೆಯ ಗುರುತುಗಳನ್ನು ಪಟ್ಟಿಮಾಡಿ ತೆಗೆಯಲು ಹೇಳುತ್ತವೆ. ಅದರಂತೆ ದಿನಾಂಕಗಳಲ್ಲಿ ವರ್ಷ ಮಾತ್ರ ಉಳಿಯಬಹುದು. 89 ದಾಟಿದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಬೇಕು. ಶತಾಯುಷಿಗಳು ಊರಿಗೆ ಒಬ್ಬರೋ ಇಬ್ಬರೋ ಇರುವುದರಿಂದ ಅವರಿಗೆ ವಯಸ್ಸೇ ವಿಳಾಸ.

ನಿಮ್ಮ ಅಧ್ಯಯನಕ್ಕೆ ಹೆರಿಗೆಯ ದಿನಾಂಕ ಬೇಕಿಲ್ಲ. ಹೆರಿಗೆಯಾಗಿ ಎಷ್ಟನೆಯ ದಿನ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿತು ಎಂಬುದು ಬೇಕು. ದಿನಾಂಕದ ಬದಲು ಅಂತರ ಕೇಳಿ, ವಯಸ್ಸಿನ ಬದಲು ಐದೈದು ವರ್ಷದ ಗುಂಪು ಕೇಳಿ. ಬಾಸ್ಟನ್ನಿನ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದ ದಾಖಲೆಗಳಿಂದ ರೂಪುಗೊಂಡ ಮಿಮಿಕ್ ಎಂಬ ಸಂಗ್ರಹದಲ್ಲಿ ಪ್ರತಿ ರೋಗಿಯ ದಿನಾಂಕಗಳನ್ನೂ ನೂರು ವರ್ಷದ ಆಸುಪಾಸು ಅಥವಾ ಇನ್ನೂ ಹೆಚ್ಚು ಮುಂದಕ್ಕೆ ತಳ್ಳಿದ್ದಾರೆ. ಅದರ ಪ್ರಕಾರ ರೋಗಿ 2150ರ ಸುಮಾರಿಗೆ ಆಸ್ಪತ್ರೆ ಸೇರಿರುತ್ತಾನೆ, ಆದರೆ ಅವನ ಎರಡು ರಕ್ತಪರೀಕ್ಷೆಗಳ ನಡುವಿನ ಅಂತರ ನಿಮಿಷದ ಲೆಕ್ಕಕ್ಕೂ ಸರಿಯಾಗಿರುತ್ತದೆ. ಅದನ್ನು ಬಳಸುವವರು ತರಬೇತಿ ಮುಗಿಸಿ, ಗುರುತು ಹುಡುಕಲು ಯತ್ನಿಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ಪ್ರವೇಶ.

ಅಪರೂಪದವಳು

ಲೆಕ್ಕಿಗರ ಮಾತಿಗೆ ರೋಗಿಯ ಕಡೆಯಿಂದ ಒಂದು ಸೇರ್ಪಡೆ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ನನ್ನದು. ನನ್ನ ಹೆಸರು, ವಯಸ್ಸು, ಊರು ಎಲ್ಲವನ್ನೂ ತೆಗೆದು ಕಾಯಿಲೆಯ ಹೆಸರೊಂದನ್ನೇ ಉಳಿಸಿದರೂ ಸಾಕು, ಈ ರೋಗವನ್ನು ನೋಡುವ ಬೆರಳೆಣಿಕೆಯ ವೈದ್ಯರಿಗೆ ಅದು ನಾನೇ ಎಂದು ಗೊತ್ತಾಗುತ್ತದೆ. ಒಮ್ಮೆ ವೈದ್ಯಕೀಯ ಸಮ್ಮೇಳನವೊಂದರ ಪರದೆಯ ಮೇಲೆ ನನ್ನ ಕೈಯ ಚಿತ್ರ ಮೂಡಿತ್ತೆಂದು, ಅಲ್ಲಿಗೆ ಹೋಗಿದ್ದ ಪರಿಚಯದವರೊಬ್ಬರು ಸಂತೋಷದಿಂದಲೇ ತಿಳಿಸಿದರು. ಮುಖ ಇರಲಿಲ್ಲವಂತೆ. ನನ್ನ ಕೈಯ ಮೇಲಿನ ಗಾಯದ ಗುರುತು ಇತ್ತಂತೆ.

ತಪ್ಪು ತಿಳಿಯಬೇಡಿ, ನಾನು ಸಂಶೋಧನೆಯ ವಿರೋಧಿಯಲ್ಲ. ಇಂದು ನಾನು ನುಂಗುವ ಮಾತ್ರೆಯ ಪ್ರಮಾಣ ಎಷ್ಟಿರಬೇಕೆಂಬುದು ನನಗಿಂತ ಮೊದಲು ಈ ಕಾಯಿಲೆ ಬಂದವರ ದಾಖಲೆಗಳಿಂದ ತಿಳಿದದ್ದು. ಅವರಲ್ಲಿ ಕೆಲವರು ಈಗ ಬದುಕಿಲ್ಲ. ಕೇಳಿದ್ದರೆ ನಾನು ಕೈಯನ್ನೂ ಕೊಡುತ್ತಿದ್ದೆ, ಫೈಲನ್ನೂ ಕೊಡುತ್ತಿದ್ದೆ. ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಜನಾರೋಗ್ಯ

ನೋವು ಅರ್ಥವಾಗುತ್ತದೆ ಮೇಡಂ. ಆದರೂ ಈ ಚರ್ಚೆ ಒಂದೇ ಕಡೆಗೆ ವಾಲುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳಲೇಬೇಕಾಗಿದೆ. ದಾಖಲೆಗಳನ್ನು ಬೀಗ ಹಾಕಿ ಇಟ್ಟುಬಿಡುವುದೇ ನೈತಿಕತೆ ಎಂಬ ಭಾವನೆ ತಪ್ಪು. ದಾಖಲೆ ನೋಡದೆ ಬಿಟ್ಟದ್ದರಿಂದ ಸತ್ತವರ ಹೆಸರು ಯಾವ ದೂರಿನಲ್ಲಿಯೂ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೀಲುನೋವಿನ ಔಷಧ ವಯಾಕ್ಸ್ ಅನ್ನು ತಯಾರಕರು 2004ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅದು ಹೃದಯಕ್ಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಬಲವಾದ ಸಾಕ್ಷ್ಯಗಳಲ್ಲೊಂದು ಬಂದದ್ದು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಸುಮಾರು 14 ಲಕ್ಷ ಸದಸ್ಯರ ವಿದ್ಯುನ್ಮಾನ ದಾಖಲೆಗಳಿಂದ. ಕೆಲವೇ ಸಾವಿರ ಜನರ ಮೇಲೆ ನಡೆಯುವ ಪ್ರಯೋಗದಲ್ಲಿ ಕಣ್ಣಿಗೆ ಬೀಳದ ಅಪಾಯ ಲಕ್ಷಗಟ್ಟಲೆ ದಾಖಲೆಗಳಲ್ಲಿ ಬೀಳುತ್ತದೆ. ಅಷ್ಟು ಜನರ ಮನೆಬಾಗಿಲಿಗೆ ಒಪ್ಪಿಗೆ ಪತ್ರ ಹಿಡಿದು ಯಾರು ಹೋಗುತ್ತಾರೆ?

ಹೋದರೂ ಇನ್ನೊಂದು ತೊಡಕು ಇದೆ. ಕೆನಡಾದ ಪಾರ್ಶ್ವವಾಯು ನೋಂದಣಿಯಲ್ಲಿ ಪ್ರತಿ ರೋಗಿಯಿಂದಲೂ ಲಿಖಿತ ಒಪ್ಪಿಗೆ ಪಡೆಯಲು ಪ್ರಾಮಾಣಿಕವಾಗಿ ಯತ್ನಿಸಿದರು. ಮೊದಲ ಹಂತದಲ್ಲಿ ಸುಮಾರು ಶೇ. 39, ಎರಡನೆಯ ಹಂತದಲ್ಲಿ ಶೇ. 51ರಷ್ಟು ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳಲು ಸಾಧ್ಯವಾಯಿತು. ಸೇರಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 6.9; ಸೇರದೆ ಉಳಿದವರಲ್ಲಿ ಶೇ. 21.7. ಕಾರಣ ಸರಳ: ಸಾಯುತ್ತಿರುವವರು, ಮಾತು ನಿಂತವರು ಸಹಿ ಹಾಕುವುದಿಲ್ಲ. 2004ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ತೋರಿಸುತ್ತೇನೆ. ಒಪ್ಪಿದವರ ದಾಖಲೆಗಳನ್ನಷ್ಟೇ ಓದಿದವನು ಪಾರ್ಶ್ವವಾಯು ಅಷ್ಟೇನೂ ಮಾರಕವಲ್ಲವೆಂಬ ತೀರ್ಮಾನಕ್ಕೆ ಬರುತ್ತಾನೆ.

ನಿಮ್ಮ ಅಧ್ಯಯನದಲ್ಲೂ ಅಷ್ಟೇ ತಂಗಿ. ಹೆರಿಗೆಯಲ್ಲಿ ಮೂತ್ರಪಿಂಡ ಸೋತು ತೀರಿಕೊಂಡ ಹೆಂಗಸಿನ ಒಪ್ಪಿಗೆಯನ್ನು ಯಾರಿಂದ ಪಡೆಯುತ್ತೀರಿ? ಅವಳನ್ನು ಬಿಟ್ಟರೆ ಪ್ರಬಂಧದಲ್ಲಿ ಉಳಿಯುವುದೇನು?

ಅಪರೂಪದವಳು

ಡಾಕ್ಟರೇ, ಪ್ರತಿಯೊಬ್ಬರ ಸಹಿ ಬೇಕೆಂದು ನಾನು ಎಲ್ಲಿ ಬರೆದೆ? ಕನಿಷ್ಠ ತಿಳಿಸಿ ಎಂಬುದಷ್ಟೇ ನನ್ನ ಮಾತು. ಸಹಿ ಕೇಳುವುದು ಬೇರೆ, ತಿಳಿಸುವುದು ಬೇರೆ. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ದಾಖಲೆಗಳನ್ನೆಲ್ಲ ಒಂದೆಡೆ ಕೂಡಿಸಲು ಹೊರಟ ಕೇರ್.ಡೇಟಾ ಯೋಜನೆಯ ಕಥೆ ತಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. 2014ರ ಜನವರಿಯಲ್ಲಿ ಮನೆಮನೆಗೆ ಕರಪತ್ರ ಹಂಚಿದರು. ಬೇಡವೆನ್ನುವವರು ಏನು ಮಾಡಬೇಕು ಎಂಬುದೇ ಅದರಲ್ಲಿ ಸ್ಪಷ್ಟವಿರಲಿಲ್ಲ. ಮರು ತಿಂಗಳೇ ಯೋಜನೆ ನಿಂತಿತು, 2016ರಲ್ಲಿ ಮುಚ್ಚಿಯೇಹೋಯಿತು. ಜನ ಸಂಶೋಧನೆಯನ್ನು ಬೇಡವೆನ್ನಲಿಲ್ಲ, ತಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದ್ದನ್ನು ಬೇಡವೆಂದರು.

ಜನಾರೋಗ್ಯ

ಒಪ್ಪಿದೆ. ನನ್ನ ಮಾತು ಒರಟಾಗಿತ್ತು.

ಸಮಿತಿಯ ಸಾಮಾನ್ಯ ಸದಸ್ಯೆ

ನಾನು ವೈದ್ಯೆಯಲ್ಲ, ನಿವೃತ್ತ ಶಿಕ್ಷಕಿ. ಸಂಶೋಧನಾ ನೈತಿಕ ಸಮಿತಿಯಲ್ಲಿ ವೈದ್ಯಕೀಯೇತರ ಸದಸ್ಯೆಯಾಗಿ ಕೆಲವು ವರ್ಷಗಳಿಂದ ಇದ್ದೇನೆ. ಹಳೆಯ ದಾಖಲೆಗಳನ್ನಷ್ಟೇ ಓದುವ ಅಧ್ಯಯನಗಳು ನಮ್ಮ ಮುಂದೆ ಬಂದಾಗ ಏನು ನಡೆಯುತ್ತದೆಂದು ಹೇಳಿದರೆ ಈ ವಿದ್ಯಾರ್ಥಿನಿಗೆ ಉಪಯೋಗವಾದೀತು.

ಒಪ್ಪಿಗೆಯಿಂದ ವಿನಾಯಿತಿ ಕೊಡಲು ಅವಕಾಶವಿದೆ. ಆದರೆ ಅದನ್ನು ಕೊಡಬೇಕಾದದ್ದು ಸಮಿತಿ. ಮಾರ್ಗದರ್ಶಕರಲ್ಲ, ದಾಖಲೆ ವಿಭಾಗವೂ ಅಲ್ಲ. ವೈದ್ಯಕೀಯ ಸಂಶೋಧನೆಯ ನೈತಿಕತೆಗೆಂದು ವಿಶ್ವ ವೈದ್ಯಕೀಯ ಸಂಘ ಹೊರಡಿಸಿದ ಹೆಲ್ಸಿಂಕಿ ಘೋಷಣೆ 1964ರದು, ಹಲವು ಸಲ ಪರಿಷ್ಕರಣೆಗೊಂಡಿದೆ. ಗುರುತಿಸಬಹುದಾದ ದತ್ತಾಂಶವನ್ನು ಬಳಸುವಾಗ ಒಪ್ಪಿಗೆ ಪಡೆಯುವುದು ಅಸಾಧ್ಯವೋ ಕಾರ್ಯಸಾಧುವಲ್ಲವೋ ಆದ ಸಂದರ್ಭದಲ್ಲಿ, ಸಮಿತಿ ಪರಿಶೀಲಿಸಿ ಅನುಮೋದಿಸಿದ ಮೇಲೆಯೇ ಕೆಲಸ ಆರಂಭಿಸಬೇಕೆಂದು ಅದು ಹೇಳುತ್ತದೆ. ಆರೋಗ್ಯ ದತ್ತಾಂಶ ಸಂಗ್ರಹಗಳಿಗೆಂದೇ ಅದೇ ಸಂಘದ 2016ರ ತೈಪೆ ಘೋಷಣೆ ಇದೆ. ಕಾನೂನುಗಳೂ ಇದೇ ದಾರಿಯಲ್ಲಿವೆ. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಆರೋಗ್ಯ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿ, ಸಂಶೋಧನೆಗೆ ರಕ್ಷಣಾ ಕ್ರಮಗಳ ಷರತ್ತಿನ ಮೇಲೆ ಬಾಗಿಲು ತೆರೆದಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಆ ಮಾಹಿತಿಯನ್ನು ಇಟ್ಟುಕೊಂಡು ಆ ವ್ಯಕ್ತಿಯ ಬಗ್ಗೆಯೇ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು, ನಿಗದಿತ ಮಾನದಂಡಗಳನ್ನು ಪಾಲಿಸಬೇಕು ಎಂಬುದು ಷರತ್ತು.

ಇಷ್ಟೆಲ್ಲ ಇದ್ದರೂ ನಮ್ಮ ಮುಂದೆ ಬರುವ ಅರ್ಜಿಗಳಲ್ಲಿ ಗೋಪ್ಯತೆಯ ವಿಷಯ ಒಂದೇ ಸಾಲು: 'ರೋಗಿಗಳ ಗೋಪ್ಯತೆಯನ್ನು ಕಾಪಾಡಲಾಗುವುದು.' ನಾನು ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವಳು. 'ಕಾಪಾಡಲಾಗುವುದು' ಎಂಬ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಯಾರು ಕಾಪಾಡುತ್ತಾರೆ? ಯಾವ ಕೋಣೆಯಲ್ಲಿ, ಎಷ್ಟು ದಿನ, ಆಮೇಲೆ ಯಾರು ಅಳಿಸುತ್ತಾರೆ, ಅಳಿಸಿದ್ದನ್ನು ಯಾರು ನೋಡುತ್ತಾರೆ? ಕರ್ತರಿ ಪ್ರಯೋಗದಲ್ಲಿ ಬರೆದು ತನ್ನಿ ಎಂದು ಅರ್ಜಿ ಹಿಂದಿರುಗಿಸಿದಾಗ ಮೊದಮೊದಲು ನಕ್ಕರು. ಈಗ ಹೆಸರು, ಹುದ್ದೆ ಹಾಕಿ ಬರೆದು ತರುತ್ತಾರೆ. ಹೆಸರು ಹಾಕಿದ ಮೇಲೆ ಪೆನ್‌ಡ್ರೈವ್ ಹಾಸ್ಟೆಲಿಗೆ ಹೋಗುವುದು ಎಷ್ಟೋ ಕಡಿಮೆಯಾಗಿದೆ.

ಇನ್ನೊಂದು ಮಾತು. ದಾಖಲೆ ಒಬ್ಬರದೇ ಆಗಿರುವುದಿಲ್ಲ. ಐಸ್‌ಲ್ಯಾಂಡ್ 1998ರಲ್ಲಿ ಇಡೀ ದೇಶದ ಆರೋಗ್ಯ ದಾಖಲೆಗಳನ್ನು ಒಂದೇ ಸಂಗ್ರಹಕ್ಕೆ ತರಲು ಕಾಯ್ದೆ ಮಾಡಿತು. ತೀರಿಹೋದ ತನ್ನ ತಂದೆಯ ದಾಖಲೆ ಅದರೊಳಗೆ ಹೋಗಬಾರದು, ಅದರಿಂದ ತನ್ನ ಬಗ್ಗೆಯೂ ಊಹಿಸಬಹುದು ಎಂದು ಹೆಣ್ಣುಮಗಳೊಬ್ಬಳು ನ್ಯಾಯಾಲಯಕ್ಕೆ ಹೋದಳು. 2003ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅವಳ ಪರವಾಗಿ ತೀರ್ಪಿತ್ತಿತು. ಸತ್ತವರ ಒಪ್ಪಿಗೆಯ ಪ್ರಶ್ನೆ ಎತ್ತಿದ ಜನಾರೋಗ್ಯ ಅವರು ಬದುಕಿರುವ ಮಕ್ಕಳನ್ನೂ ನೆನೆಯಬೇಕು.

ಸರ್ವರ್ ಕಾಯುವವ

ತಾಂತ್ರಿಕವಾಗಿ ಎರಡು ಮೂರು ಸಂಗತಿಗಳು.

ಮೊದಲನೆಯದಾಗಿ, ಫೋನ್ ನಂಬರನ್ನು ಅಥವಾ ಆಸ್ಪತ್ರೆ ಸಂಖ್ಯೆಯನ್ನು 'ಹ್ಯಾಶ್' ಮಾಡಿ, ಎಂದರೆ ಸೂತ್ರವೊಂದರಿಂದ ಅರ್ಥವಾಗದ ಅಕ್ಷರಸಾಲಾಗಿ ಬದಲಿಸಿ ಕೊಟ್ಟಿದ್ದೇವೆ, ಇನ್ನು ಯಾರಿಗೂ ತಿಳಿಯದು ಎಂದು ಹೇಳುವವರನ್ನು ನಂಬಬೇಡಿ. ಹತ್ತಂಕಿಯ ಸಂಖ್ಯೆಗಳು ಒಟ್ಟು ಇರುವುದೇ ಸಾವಿರ ಕೋಟಿ. ಅವನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಲು ಇಂದಿನ ಯಂತ್ರಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗುಟ್ಟಿನ ಕೀಲಿಯೊಂದನ್ನು ಬೆರೆಸಿ, ಆ ಕೀಲಿಯನ್ನು ಸಂಶೋಧಕರ ಕೈಗೆ ಸಿಗದ ಕಡೆ ಇಡಬೇಕು. ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ಜನಸಂಖ್ಯೆಯ ಶೇ. 10ರಷ್ಟು, ಎಂದರೆ ಸುಮಾರು 29 ಲಕ್ಷ ಜನರ ವೈದ್ಯಕೀಯ ಬಿಲ್ಲುಗಳ ಮಾಹಿತಿಯನ್ನು ಸಾರ್ವಜನಿಕಗೊಳಿಸಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲು ಅದರಲ್ಲಿ ಅಡಗಿಸಿದ್ದ ವೈದ್ಯರ ಸಂಖ್ಯೆಗಳನ್ನು ಬಿಡಿಸಿದರು, ದತ್ತಾಂಶವನ್ನು ಜಾಲತಾಣದಿಂದ ಕೆಳಗಿಳಿಸಲಾಯಿತು; ಮುಂದಿನ ವರ್ಷ ರೋಗಿಗಳನ್ನೂ ಗುರುತಿಸಬಹುದೆಂದು ತೋರಿಸಿದರು. ಕೆಳಗಿಳಿಸುವ ಮೊದಲು ಎಷ್ಟು ಪ್ರತಿಗಳು ಹೊರಗೆ ಹೋಗಿದ್ದವೋ ಅವು ಹೋದದ್ದೇ.

ಎರಡನೆಯದು ಮುಖ್ಯ. ದತ್ತಾಂಶವನ್ನು ಸಂಶೋಧಕರ ಬಳಿಗೆ ಕಳಿಸುವ ಬದಲು ಸಂಶೋಧಕರ ಲೆಕ್ಕವನ್ನೇ ದತ್ತಾಂಶದ ಬಳಿಗೆ ಕಳಿಸಬಹುದು. 2020ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಓಪನ್‌ಸೇಫ್ಲಿ ವ್ಯವಸ್ಥೆ ಹಾಗೆಯೇ ನಡೆಯುತ್ತದೆ. ಸಂಶೋಧಕ ನಕಲಿ ದತ್ತಾಂಶದ ಮೇಲೆ ತನ್ನ ಪ್ರೋಗ್ರಾಮನ್ನು ಬರೆದು ಪರೀಕ್ಷಿಸುತ್ತಾನೆ. ಆ ಪ್ರೋಗ್ರಾಮು ದಾಖಲೆಗಳಿರುವ ಸರ್ವರಿನಲ್ಲಿ ಓಡುತ್ತದೆ. ಹೊರಗೆ ಬರುವುದು ಕೋಷ್ಟಕ ಮಾತ್ರ, ಅದೂ ಪರಿಶೀಲನೆಯ ನಂತರ. ಯಾರು ಯಾವಾಗ ಏನು ಓಡಿಸಿದರೆಂಬುದು ಎಲ್ಲರಿಗೂ ಕಾಣುವಂತೆ ದಾಖಲಾಗುತ್ತದೆ. ಹೀಗೆ ಸುಮಾರು 1.7 ಕೋಟಿ ವಯಸ್ಕರ ದಾಖಲೆಗಳಿಂದ ಕೋವಿಡ್ ಸಾವಿನ ಅಪಾಯಗಳನ್ನು ಲೆಕ್ಕ ಹಾಕಿದರು. ದಾಖಲೆಕೋಣೆಯವರು ನೆನೆದ ರುಜುವಿನ ರಿಜಿಸ್ಟರು ಇದೇ ಅಲ್ಲವೇ?

ಮೂರನೆಯದು ಎಚ್ಚರಿಕೆ. ಷರಾಗಳನ್ನು ಸಂಗ್ರಹಿಸಿ ಸಾರಾಂಶ ಮಾಡಿಕೊಡಲು ಅಂತರಜಾಲದ ಎಐ ಸಲಕರಣೆಗಳಿಗೆ ಅಂಟಿಸುವ ಅಭ್ಯಾಸ ಈಗ ವಿದ್ಯಾರ್ಥಿಗಳಲ್ಲಿ ಬೆಳೆದಿದೆ. ಅಂಟಿಸಿದ ಕ್ಷಣಕ್ಕೆ ದಾಖಲೆ ಆಸ್ಪತ್ರೆಯ ಹೊಸ್ತಿಲು ದಾಟಿತು.

ಸೋರಿದರೆ ಏನಾಗುತ್ತದೆಂದು ತಿಳಿಯಬೇಕಾದವರು ಫಿನ್ಲೆಂಡಿನ ವಸ್ತಾಮೋ ಪ್ರಕರಣ ಓದಬಹುದು. ಮನೋಚಿಕಿತ್ಸಾ ಕೇಂದ್ರಗಳ ಆ ಜಾಲದಿಂದ ಕದ್ದ ಟಿಪ್ಪಣಿಗಳನ್ನು ಇಟ್ಟುಕೊಂಡು 2020ರಲ್ಲಿ ಸಾವಿರಾರು ರೋಗಿಗಳಿಗೆ ಒಬ್ಬೊಬ್ಬರಿಗೇ ಬೆದರಿಕೆಯ ಇಮೇಲ್ ಬಂತು: ಹಣ ಕೊಡಿ, ಇಲ್ಲದಿದ್ದರೆ ನೀವು ಚಿಕಿತ್ಸಕರ ಮುಂದೆ ಹೇಳಿಕೊಂಡದ್ದನ್ನೆಲ್ಲ ಹೊರಹಾಕುತ್ತೇನೆ. ಅದು ಸಂಶೋಧನೆಯಿಂದ ಆದ ಸೋರಿಕೆಯಲ್ಲ, ನಿಜ. ಆದರೆ ಪ್ರತಿ ಹೆಚ್ಚಿದಷ್ಟೂ ಕಳ್ಳನಿಗೆ ಬಾಗಿಲು ಹೆಚ್ಚು.

ಲೆಕ್ಕಿಗ

ಖಾಸಗಿತನದ ಹೆಸರಿನಲ್ಲಿ ನಡೆಯುವ ಇನ್ನೊಂದು ಬಗೆಯ ಮೋಸವನ್ನೂ ಹೇಳದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, 671 ಆಸ್ಪತ್ರೆಗಳ 96,032 ರೋಗಿಗಳ ವಿದ್ಯುನ್ಮಾನ ದಾಖಲೆಗಳನ್ನು ಆಧರಿಸಿದ್ದೆನ್ನಲಾದ ಲೇಖನವೊಂದು ಬಂತು. ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಎಂಬುದು ಅದರ ತೀರ್ಮಾನ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕೋವಿಡ್ ಪ್ರಯೋಗದಲ್ಲಿ ಆ ಔಷಧದ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಂಕಿಗಳು ಕೂಡಿಬರುವುದಿಲ್ಲವೆಂದು ಹೊರಗಿನವರು ದತ್ತಾಂಶ ಕೇಳಿದಾಗ, ಅದನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಗೋಪ್ಯತೆಯ ಒಪ್ಪಂದಗಳನ್ನು ಮುಂದೆ ಮಾಡಿ ಕೊಡಲು ಒಪ್ಪಲಿಲ್ಲ. ಜೂನ್ 4ರಂದು ಲೇಖನವನ್ನು ಹಿಂತೆಗೆದುಕೊಂಡರು. ರೋಗಿಯನ್ನು ಕಾಯಲೆಂದು ಕಟ್ಟಿದ ಗೋಡೆಯ ಹಿಂದೆ ಸಂಶೋಧಕರೇ ಅಡಗಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಹಾಗಾಗಿ ದಾಖಲೆಗಳನ್ನು ಹೊರಗಿನವರು ಪರಿಶೀಲಿಸಲು ಸುರಕ್ಷಿತವಾದ ಒಂದು ಕೋಣೆ ಇರಲೇಬೇಕು. ಯಾರಿಗೂ ತೋರಿಸುವುದಿಲ್ಲ ಎಂಬುದು ಉತ್ತರವಲ್ಲ.

ದಾಖಲೆಯ ಅಂಕಿಗಳು ಏನನ್ನು ಅಳೆಯುತ್ತವೆ ಎಂಬುದೂ ನೈತಿಕ ಪ್ರಶ್ನೆಯೇ. ಅಮೆರಿಕದಲ್ಲಿ ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸುತ್ತಿದ್ದ ಒಂದು ಗಣಕ ಸೂತ್ರ, ಕಾಯಿಲೆಯ ಅಳತೆಗೆ ಚಿಕಿತ್ಸೆಯ ಖರ್ಚನ್ನೇ ಹಿಡಿದಿತ್ತು. ಕಪ್ಪು ಜನರ ಚಿಕಿತ್ಸೆಗೆ ಮೊದಲಿನಿಂದಲೂ ಕಡಿಮೆ ಖರ್ಚಾಗುತ್ತಿದ್ದುದರಿಂದ ಅವರು ಕಡಿಮೆ ರೋಗಿಗಳೆಂದು ಅದು ಎಣಿಸಿತು. ಅದನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆಂದು 2019ರಲ್ಲಿ ಸೈನ್ಸ್ ಪತ್ರಿಕೆಯ ಅಧ್ಯಯನ ತೋರಿಸಿತು. ಒಬ್ಬರ ಹೆಸರೂ ಬಯಲಾಗಲಿಲ್ಲ, ಅನ್ಯಾಯ ಮಾತ್ರ ನಡೆಯಿತು.

ಎರಡನೇ ವರ್ಷದ ಪಿಜಿ

ಎಲ್ಲರಿಗೂ ಕೃತಜ್ಞತೆಗಳು. ಪೆನ್‌ಡ್ರೈವ್ ಹಿಂದಿರುಗಿಸಿ, ಲ್ಯಾಪ್‌ಟಾಪಿನ ಪ್ರತಿಯನ್ನು ವಿಭಾಗದವರ ಎದುರಿನಲ್ಲೇ ಅಳಿಸಿ, ಪತ್ರ ಬರೆದುಕೊಟ್ಟೆ. ಮಾರ್ಗದರ್ಶಕರಿಗೆ ಸಿಟ್ಟು ಬಂತು, ಆಮೇಲೆ ಇಳಿಯಿತು. ಸಮಿತಿಗೆ ಹೊಸ ಅರ್ಜಿ ಹಾಕುತ್ತಿದ್ದೇನೆ; ಕ್ರಿಯಾಪದಗಳಿಗೆಲ್ಲ ಕರ್ತೃ ಇದ್ದಾನೆ.

ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ನಾನು ಓದಿಬಿಟ್ಟೆನೆಂದು ಆ ಸಹೋದ್ಯೋಗಿಗೆ ಹೇಳಬೇಕೇ?

ದಾಖಲೆಕೋಣೆ

ಬೇಡ. ಅವರಿಗೆ ಗೊತ್ತಿಲ್ಲದ ನೋವನ್ನು ನಿಮ್ಮ ಮನಸ್ಸು ಹಗುರಾಗಲೆಂದು ಅವರ ತಲೆಗೆ ಕಟ್ಟಬೇಡಿ.

ಅಪರೂಪದವಳು

ನಾನಾಗಿದ್ದರೆ ನನಗೆ ತಿಳಿಯಬೇಕಿತ್ತು. ನನ್ನ ಗುಟ್ಟು ಯಾರ ಬಳಿ ಇದೆಯೆಂದು ನನಗೊಬ್ಬಳಿಗೇ ತಿಳಿಯದಿರುವುದು ಎಂಥ ಕರುಣೆ ಸರ್?

ಸಮಿತಿಯ ಸಾಮಾನ್ಯ ಸದಸ್ಯೆ

ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಈ ತೀರ್ಮಾನದ ಭಾರ ವಿದ್ಯಾರ್ಥಿನಿಯ ಮೇಲೆ ಬೀಳಬಾರದು. ಹಾಳೆ ಕೊಟ್ಟದ್ದು ಸಂಸ್ಥೆ, ಆದ್ದರಿಂದ ತಿಳಿಸಬೇಕಾದದ್ದೂ ಸಂಸ್ಥೆಯೇ. ಆ ಷರಾದಿಂದ ಅವರ ಮನೆಯಲ್ಲೋ ಕೆಲಸದಲ್ಲೋ ತೊಂದರೆಯಾಗುವ ಸಾಧ್ಯತೆ ಇದೆಯೇ, ಹಾಳೆ ಇನ್ನೆಷ್ಟು ಜನರ ಕೈಗೆ ಹೋಗಿದೆ ಎಂಬುದನ್ನು ಮೊದಲು ನೋಡಬೇಕು. ನೀವು ಕಾರಿಡಾರಿನಲ್ಲಿ ನಿಲ್ಲಿಸಿ ಕ್ಷಮೆ ಕೇಳಿದರೆ ಅವರು ಅಲ್ಲಿಯೇ ನಿಮ್ಮನ್ನು ಸಮಾಧಾನ ಮಾಡಬೇಕಾದೀತು. ಅದು ಅವರ ಮೇಲೆ ಎರಡನೆಯ ಹೊರೆ. ಕೊಟ್ಟಿರುವ ಪತ್ರಕ್ಕೆ 'ಸಾಲು ಸಂಖ್ಯೆ ಇಂತಿಷ್ಟು, ವ್ಯಕ್ತಿಯನ್ನು ಗುರುತಿಸಿದ್ದೇನೆ' ಎಂದಷ್ಟೇ ಸೇರಿಸಿ. ಹೆಸರು ಬೇಡ, ಷರಾದ ಮಾತೂ ಬೇಡ.

ಎರಡನೇ ವರ್ಷದ ಪಿಜಿ (ಮೂರು ತಿಂಗಳ ನಂತರ)

ಕುತೂಹಲವಿದ್ದವರಿಗೆ ವರದಿ ಒಪ್ಪಿಸುತ್ತಿದ್ದೇನೆ. ಸಮಿತಿ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿತು, ಆದರೆ ಷರತ್ತುಗಳನ್ನು ಹಾಕಿತು. ಹೆರಿಗೆ ವಿಭಾಗದ ಹೊರಗಿನ ಫಲಕದಲ್ಲಿ ಅಧ್ಯಯನದ ವಿಷಯ, ಯಾವ ವರ್ಷಗಳ ದಾಖಲೆ, ಬೇಡವೆನ್ನುವವರು ಯಾರನ್ನು ಕಾಣಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಬರೆದು ಆರು ವಾರ ಹಾಕಬೇಕು. ಮೊಬೈಲ್ ಸಂಖ್ಯೆ ಇರುವವರಿಗೆ ಅದೇ ಮಾತನ್ನು ಕಾಯಿಲೆಯ ಹೆಸರೆತ್ತದೆ ಸಂದೇಶವಾಗಿ ಕಳಿಸಬೇಕು. ಕಾಯಿಲೆಯ ಹೆಸರೆತ್ತದೆ ಎಂಬುದನ್ನು ಸೇರಿಸಿದವರು ನಮ್ಮ ಸಮಿತಿಯ ಒಬ್ಬ ವಕೀಲರು. ಒಂದೇ ಫೋನನ್ನು ಇಡೀ ಮನೆ ಬಳಸುತ್ತದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಹೊಸ ದತ್ತಾಂಶ ಪೆನ್‌ಡ್ರೈವಿನಲ್ಲಿ ಬರಲಿಲ್ಲ. ದಾಖಲೆ ವಿಭಾಗದ ಒಂದು ಕಂಪ್ಯೂಟರಿನ ಮುಂದೆ ಕೂತು ಅಲ್ಲಿಯೇ ಲೆಕ್ಕ ಮಾಡುತ್ತೇನೆ. ಅದಕ್ಕೆ ಇಂಟರ್‌ನೆಟ್ ಇಲ್ಲ; ಫ್ಯಾನೂ ಸರಿಯಾಗಿ ತಿರುಗುವುದಿಲ್ಲ. ಷರಾ ಕಾಲಂ ಇಲ್ಲ, ದಿನಾಂಕಗಳಿಲ್ಲ, ಅಂತರಗಳಿವೆ. ಆ ಸಹೋದ್ಯೋಗಿಯೊಂದಿಗೆ ಆಸ್ಪತ್ರೆಯವರು ಮಾತಾಡಿದರೆಂದು ತಿಳಿಯಿತು. ಏನು ಮಾತಾಡಿದರೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫಲಕ ನೋಡಿಯೋ ಸಂದೇಶ ಓದಿಯೋ ಮೂವರು ತಮ್ಮ ದಾಖಲೆ ಬೇಡವೆಂದಿದ್ದಾರೆ. ಹಳೆಯ ಹಾಳೆಗಿಂತ ಹೊಸದರಲ್ಲಿ ಮೂರು ಸಾಲು ಕಡಿಮೆ ಇವೆ.

ಲೆಕ್ಕಿಗ

ಕೇಳಿ ಸಂತೋಷವಾಯಿತು. ಒಂದು ಸಣ್ಣ ತಿದ್ದುಪಡಿ: ಪ್ರಬಂಧದಲ್ಲಿ ಹಿಂದೆ ಸರಿದವರ ಸಂಖ್ಯೆಯನ್ನು ಮೂರು ಎಂದು ಬರೆಯಬೇಡಿ, '5ಕ್ಕಿಂತ ಕಡಿಮೆ' ಎಂದು ಬರೆಯಿರಿ; ಇಷ್ಟು ಸಣ್ಣ ಸಂಖ್ಯೆಯಿಂದಲೂ ಯಾರೆಂದು ಊಹಿಸಬಹುದು. ಮೊದಲಿನ ಒಟ್ಟು ಮತ್ತು ಈಗಿನ ಒಟ್ಟು ಎರಡನ್ನೂ ಕೊಟ್ಟರೆ ಯಾರಾದರೂ ಕಳೆದು ನೋಡುತ್ತಾರೆ, ಆದ್ದರಿಂದ ಒಂದನ್ನು ಕೈಬಿಡಿ. ಮೇಲೆ ಇಲ್ಲಿ ಬರೆದದ್ದನ್ನೂ ತಿದ್ದಿಬಿಡಿ.